ಕಿವಿಯ ವೈದ್ಯ, ಮಕ್ಕಳ ಗುರು: ಝಾನ್ ಮಾರ್ಕ್ ಗಾಸ್ಪಾರ್ ಇಟಾರ್

ಕರೆದರೆ ತಿರುಗಿ ನೋಡದ, ಕೇಳಿದ್ದಕ್ಕೆ ಉತ್ತರ ಕೊಡದ ಮಗುವೊಂದು ಮನೆಯಲ್ಲಿದ್ದರೆ ತಂದೆತಾಯಿಗಳ ಮನಸ್ಸನ್ನು ಕೊರೆಯುವ ಪ್ರಶ್ನೆ ಒಂದೇ. ಈ ಮಗುವಿಗೆ ಕಿವಿ ಕೇಳಿಸುವುದಿಲ್ಲವೋ, ಕೇಳಿಸಿದರೂ ತಿಳಿಯುವುದಿಲ್ಲವೋ? ಹೊರಗಿನಿಂದ ನೋಡುವವರಿಗೆ ಎರಡೂ ಒಂದೇ ಬಗೆಯಾಗಿ ತೋರುತ್ತವೆ. ಆದರೆ ಆ ಮಗುವಿನ ಬಾಳೆಲ್ಲ ಈ ಪ್ರಶ್ನೆಗೆ ದೊರೆಯುವ ಉತ್ತರದ ಮೇಲೆ ನಿಂತಿರುತ್ತದೆ. ಕಿವಿ ಮಂದವಾದ ಮಗುವನ್ನು ಮತಿ ಮಂದವೆಂದು ಬಗೆದು ಮೂಲೆಗೆ ಕೂರಿಸಿದರೆ, ಕಲಿಯಬಲ್ಲ ಜೀವವೊಂದನ್ನು ಕಲಿಕೆಯಿಂದ ದೂರವಿರಿಸಿದಂತಾಗುತ್ತದೆ. ಬುದ್ಧಿಯ ಬೆಳವಣಿಗೆ ಕುಂಠಿತವಾದ ಮಗುವಿಗೆ ಕಿವಿಯೂ ಕೇಳಿಸದೆಂಬುದನ್ನು ಯಾರೂ ಗಮನಿಸದೆ ಹೋದರೆ, ಅದರ ಪಾಲಿಗೆ ತೆರೆದಿರಬಹುದಾಗಿದ್ದ ಬಾಗಿಲೊಂದನ್ನೂ ಮುಚ್ಚಿದಂತಾಗುತ್ತದೆ.

ಈ ಪ್ರಶ್ನೆಯನ್ನು ಶಾಸ್ತ್ರೀಯವಾಗಿ ಎತ್ತಿ, ಮೂವತ್ತೆಂಟು ವರ್ಷಗಳ ಕಾಲ ಅದರ ಬೆನ್ನುಹತ್ತಿ ದುಡಿದ ವೈದ್ಯರೊಬ್ಬರು ಫ್ರಾನ್ಸ್ ದೇಶದಲ್ಲಿ ಆಗಿಹೋದರು. ಕಿವಿಯ ರೋಗಗಳ ಶಾಸ್ತ್ರಕ್ಕೆ ತಳಹದಿ ಹಾಕಿದವರಲ್ಲಿ ಅವರು ಪ್ರಮುಖರು. ಬೌದ್ಧಿಕ ನ್ಯೂನತೆಯುಳ್ಳ ಮಕ್ಕಳ ಶಿಕ್ಷಣಕ್ಕೆ ಆದಿಪುರುಷರೆಂದೂ ಅವರನ್ನೇ ಎಣಿಸುತ್ತಾರೆ. ಎರಡು ಬೇರೆ ಬೇರೆ ಶಾಸ್ತ್ರಗಳು ಒಬ್ಬರನ್ನೇ ಪೂರ್ವಜರೆಂದು ನೆನೆಯುವುದು ಆಕಸ್ಮಿಕವಲ್ಲ. ಕಿವಿ ಮತ್ತು ಮನಸ್ಸು ಇವುಗಳ ನಡುವಣ ಗಡಿಯಲ್ಲಿಯೇ ಅವರ ಜೀವನವೆಲ್ಲ ಕಳೆಯಿತು.

ಬಾಲ್ಯ ಮತ್ತು ವೈದ್ಯವೃತ್ತಿ

ಝಾನ್ ಮಾರ್ಕ್ ಗಾಸ್ಪಾರ್ ಇಟಾರ್ ಅವರು 1774ರ ಏಪ್ರಿಲ್ 24ರಂದು ಫ್ರಾನ್ಸಿನ ದಕ್ಷಿಣದಲ್ಲಿರುವ ಪ್ರೊವಾನ್ಸ್ ಪ್ರಾಂತದ ಒರೆಝೋನ್ ಎಂಬ ಊರಿನಲ್ಲಿ ಜನಿಸಿದರು. ಚರ್ಚಿನ ಅಧಿಕಾರಿಯಾಗಿದ್ದ ಚಿಕ್ಕಪ್ಪನ ಆಶ್ರಯದಲ್ಲಿ ರಿಯೆ ಎಂಬ ಊರಿನಲ್ಲಿ ಮೊದಲ ವಿದ್ಯಾಭ್ಯಾಸವಾಯಿತು. ಅನಂತರ ಮಾರ್ಸೇಲ್ಸ್ ನಗರದಲ್ಲಿ ಓದು ಮುಂದುವರಿಯಿತು. ಮಗನು ವ್ಯಾಪಾರದಲ್ಲಿ ಮೇಲೆ ಬರಲೆಂಬುದು ಮನೆಯವರ ಅಪೇಕ್ಷೆಯಾಗಿತ್ತು. ಅದರಂತೆ ತರುಣ ಇಟಾರರು ಬ್ಯಾಂಕಿನ ಕೆಲಸಕ್ಕೆ ಸೇರಿದರು. ಆದರೆ ಕಾಲದ ಗತಿ ಬೇರೆಯಾಗಿತ್ತು. 1789ರಲ್ಲಿ ಆರಂಭವಾದ ಮಹಾಕ್ರಾಂತಿಯು ದೇಶವನ್ನೇ ಬುಡಮೇಲು ಮಾಡಿತ್ತು. 1793ರಲ್ಲಿ ತರುಣರೆಲ್ಲರೂ ಸೈನ್ಯಕ್ಕೆ ಸೇರತಕ್ಕದ್ದೆಂದು ಸರ್ಕಾರದ ಆಜ್ಞೆಯಾಯಿತು. ಆಗ ಅವರು ಸೈನಿಕ ಆಸ್ಪತ್ರೆಯೊಂದರಲ್ಲಿ ಶಸ್ತ್ರವೈದ್ಯರ ಸಹಾಯಕರಾಗಿ ಸೇರಿಕೊಂಡರು. ವೈದ್ಯಶಾಸ್ತ್ರದ ಒಂದು ಅಕ್ಷರವನ್ನೂ ಅವರು ಅದುವರೆಗೆ ಕಲಿತಿರಲಿಲ್ಲ.

ಯುದ್ಧದ ಭಯದಿಂದ ಹಿಡಿದ ಕೆಲಸವೇ ಅವರ ಪಾಲಿಗೆ ಜೀವನದ ವ್ರತವಾಗಿ ಪರಿಣಮಿಸಿತು. ಮುಂದೆ ನೆಪೋಲಿಯನ್ನನ ಸೇನೆಯ ಶಸ್ತ್ರವೈದ್ಯರಾಗಿ ಜಗತ್ಪ್ರಸಿದ್ಧರಾದ ಲಾರೆಯವರ ಬಳಿ ಅಂಗರಚನಾಶಾಸ್ತ್ರವನ್ನು ಕಲಿಯುವ ಅವಕಾಶ ಅವರಿಗೆ ತೂಲೋನಿನಲ್ಲಿ ದೊರೆಯಿತು. 1796ರಲ್ಲಿ ಪ್ಯಾರಿಸ್ ನಗರದ ವಾಲ್ ದ ಗ್ರಾಸ್ ಸೈನಿಕ ಆಸ್ಪತ್ರೆಗೆ ಬಂದು ಅಲ್ಲಿ ಶ್ರದ್ಧೆಯಿಂದ ದುಡಿದರು. 1803ರಲ್ಲಿ ವೈದ್ಯಪದವಿಗಾಗಿ ಒಪ್ಪಿಸಿದ ಪ್ರಬಂಧದಲ್ಲಿ, ಎದೆಗೂಡಿನಲ್ಲಿ ಶ್ವಾಸಕೋಶದ ಹೊರಗೆ ಗಾಳಿ ತುಂಬುವ ರೋಗಕ್ಕೆ ನ್ಯೂಮೋಥೊರಾಕ್ಸ್ ಎಂಬ ಹೆಸರನ್ನು ಅವರೇ ಕೊಟ್ಟರು. ಇಂದಿಗೂ ಜಗತ್ತಿನ ವೈದ್ಯರೆಲ್ಲರೂ ಆ ಹೆಸರನ್ನು ಬಳಸುತ್ತಾರೆ.

ಆ ಆಸ್ಪತ್ರೆಗೆ ಸಮೀಪದಲ್ಲಿ, ಸೇಂಟ್ ಜಾಕ್ ಬೀದಿಯಲ್ಲಿ, ಕಿವುಡ ಮಕ್ಕಳ ರಾಷ್ಟ್ರೀಯ ವಿದ್ಯಾಲಯವಿತ್ತು. ಪಾದ್ರಿ ದ ಲೆಪೆ ಎಂಬ ಮಹನೀಯರು 1760ರ ಸುಮಾರಿಗೆ ತಮ್ಮ ಮನೆಯಲ್ಲಿ ಆರಂಭಿಸಿದ್ದ ಪಾಠಶಾಲೆಯೇ ಅದರ ಮೂಲ. 1791ರಲ್ಲಿ ಅದು ಸರ್ಕಾರದ ಸಂಸ್ಥೆಯಾಯಿತು. ದ ಲೆಪೆಯವರ ಅನಂತರ ಪಾದ್ರಿ ಸಿಕಾರರು ಅದರ ಮುಖ್ಯಸ್ಥರಾಗಿದ್ದರು. 1800ರ ಕೊನೆಯಲ್ಲಿ ಸಿಕಾರರು ಇಪ್ಪತ್ತಾರು ವರ್ಷದ ಇಟಾರರನ್ನು ಆ ವಿದ್ಯಾಲಯದ ವೈದ್ಯರನ್ನಾಗಿ ನೇಮಿಸಿದರು. ಅಂದು ಆ ಆವರಣವನ್ನು ಹೊಕ್ಕ ತರುಣ ವೈದ್ಯರು ಕೊನೆಯವರೆಗೂ ಆ ಸಂಸ್ಥೆಯನ್ನು ಬಿಡಲಿಲ್ಲ. ಅವರು ಮದುವೆಯನ್ನೂ ಆಗಲಿಲ್ಲ.

ಕಾಡಿನಿಂದ ಬಂದ ಬಾಲಕ

ಅದೇ ವರ್ಷ ಫ್ರಾನ್ಸಿನಲ್ಲೆಲ್ಲ ಒಂದು ಸುದ್ದಿ ಹಬ್ಬಿತ್ತು. ದಕ್ಷಿಣದ ಲಾಕೋನ್ ಬಳಿಯ ಕಾಡುಗಳಲ್ಲಿ ಬತ್ತಲೆಯಾಗಿ ಅಲೆಯುತ್ತಿದ್ದ ಹುಡುಗನೊಬ್ಬನು ಕೆಲವು ವರ್ಷಗಳಿಂದ ಜನರ ಕಣ್ಣಿಗೆ ಬೀಳುತ್ತಿದ್ದನು. ಹಿಡಿದರೆ ತಪ್ಪಿಸಿಕೊಂಡು ಮತ್ತೆ ಕಾಡು ಸೇರುತ್ತಿದ್ದನು. 1800ರ ಜನವರಿಯ ಕಡುಚಳಿಯಲ್ಲಿ ಅವನು ತಾನಾಗಿಯೇ ಅವೇರಾನ್ ಪ್ರಾಂತದ ಸೇಂಟ್ ಸೆರ್ನೆನ್ ಎಂಬ ಹಳ್ಳಿಗೆ ಬಂದು ಸಿಕ್ಕಿದನು. ವಯಸ್ಸು ಹನ್ನೊಂದೋ ಹನ್ನೆರಡೋ ಇರಬಹುದು. ಮೈತುಂಬ ಗಾಯದ ಕಲೆಗಳು, ಗಂಟಲಿನ ಮೇಲೆ ಕೊಯ್ದಂತಹ ದೊಡ್ಡ ಗುರುತು. ಮಾತಿಲ್ಲ, ಕರೆದರೆ ಓಗೊಡುವುದಿಲ್ಲ. ಬೇಯಿಸಿದ ಅನ್ನಾಹಾರ ಬೇಡ. ಓಕ್ ಮರದ ಕಾಯಿ, ಆಲೂಗಡ್ಡೆ, ಅಕ್ರೋಟುಗಳೇ ಅವನಿಗೆ ಪ್ರಿಯ. ರೋದೆಸ್ ನಗರದ ಪ್ರಕೃತಿವಿಜ್ಞಾನದ ಅಧ್ಯಾಪಕರೊಬ್ಬರು ಕೆಲವು ತಿಂಗಳು ಅವನನ್ನು ನೋಡಿಕೊಂಡರು. ಅದೇ ವರ್ಷದ ಆಗಸ್ಟ್ ತಿಂಗಳಲ್ಲಿ ಸರ್ಕಾರದ ಆಜ್ಞೆಯಂತೆ ಅವನನ್ನು ಪ್ಯಾರಿಸಿಗೆ ಕರೆತಂದು ಕಿವುಡ ಮಕ್ಕಳ ವಿದ್ಯಾಲಯದಲ್ಲಿ ಇರಿಸಲಾಯಿತು.

ನಗರದ ಜನರು ತಂಡತಂಡವಾಗಿ ಬಂದು ಅವನನ್ನು ನೋಡಿದರು. ನಾಗರಿಕತೆಯ ಸೋಂಕಿಲ್ಲದ ಶುದ್ಧ ಮಾನವನನ್ನು ಕಾಣಲು ಬಂದವರಿಗೆ ಕಂಡದ್ದು, ಪಂಜರದ ಮೃಗದಂತೆ ಅತ್ತಿಂದಿತ್ತ ತೂಗಾಡುವ, ಹತ್ತಿರ ಬಂದವರನ್ನು ಕಚ್ಚುವ, ಯಾವುದರಲ್ಲಿಯೂ ಮನಸ್ಸಿಲ್ಲದ ಒಂದು ಕೊಳಕು ಮಗು. ಕುತೂಹಲ ತಣಿದೊಡನೆ ಜನರು ಅವನನ್ನು ಮರೆತರು. ವಿದ್ವಾಂಸರ ಸಮಿತಿಯೊಂದು ಅವನನ್ನು ಪರೀಕ್ಷಿಸಿತು. ಹುಚ್ಚರೆಂದು ಸರಪಳಿ ಬಿಗಿದಿದ್ದ ರೋಗಿಗಳ ಬಂಧನವನ್ನು ಬಿಡಿಸಿದರೆಂದು ಕೀರ್ತಿವಂತರಾದ ಮನೋವೈದ್ಯ ಪಿನೆಲ್ಲರು ಅದರಲ್ಲಿದ್ದರು. ಅವರು ಬಾಲಕನನ್ನು ತಮ್ಮ ಆಸ್ಪತ್ರೆಯ ಜಡಮತಿಗಳೊಡನೆ ಹೋಲಿಸಿ ನೋಡಿ, ಇವನೂ ಅಂಥವನೇ ಎಂದೂ ಶಿಕ್ಷಣದಿಂದ ಹೆಚ್ಚಿನ ಫಲವನ್ನು ನಿರೀಕ್ಷಿಸುವಂತಿಲ್ಲವೆಂದೂ ನಿರ್ಣಯಿಸಿದರು.

ಪಿನೆಲ್ಲರು ಇಟಾರರಿಗೆ ಗುರುಸಮಾನರು. ಅವರ ವರದಿಯಲ್ಲಿದ್ದ ಲಕ್ಷಣಗಳನ್ನು ಇಟಾರರು ಅಲ್ಲಗಳೆಯಲಿಲ್ಲ; ಅವುಗಳ ಕಾರಣದ ವಿಷಯದಲ್ಲಿ ಮಾತ್ರ ಅವರ ಅಭಿಪ್ರಾಯ ಬೇರೆಯಾಗಿತ್ತು. ಹುಡುಗನು ಜಡಮತಿಯಾದುದರಿಂದ ಮನುಷ್ಯರು ಅವನನ್ನು ತೊರೆದರೋ, ಮನುಷ್ಯಸಂಗವಿಲ್ಲದೆ ಬೆಳೆದುದರಿಂದ ಅವನು ಜಡಮತಿಯಂತೆ ಕಾಣುತ್ತಿರುವನೋ ಎಂಬುದು ಅವರ ಪ್ರಶ್ನೆ. ಕಲಿಸಿ ನೋಡುವುದರ ಹೊರತು ಇದನ್ನು ತಿಳಿಯಲು ಬೇರೆ ಮಾರ್ಗವಿಲ್ಲವೆಂದು ಅವರು ಬಗೆದರು. ಹೀಗೆ ಬಾಲಕನ ಶಿಕ್ಷಣದ ಹೊಣೆ ಅವರ ಮೇಲೆ ಬಂದಿತು. ದಿನನಿತ್ಯದ ಆರೈಕೆಗೆ ಮದಾಮ್ ಗೆರೆನ್ ಎಂಬ ಗೃಹಿಣಿಯನ್ನು ನೇಮಿಸಲಾಯಿತು. ಸರ್ಕಾರವು ಇದಕ್ಕಾಗಿ ಆಕೆಗೆ ವರ್ಷಕ್ಕೆ 150 ಫ್ರಾಂಕುಗಳನ್ನು ಕೊಡುತ್ತಿತ್ತು.

ಕಿವಿಯೇ, ಅವಧಾನವೇ?

ಇಟಾರರ ಮೊದಲ ಶೋಧನೆ ಬಾಲಕನ ಕಿವಿಯನ್ನು ಕುರಿತದ್ದು. ಬಂದವರೆಲ್ಲ ಅವನು ಕಿವುಡನೆಂದು ಭಾವಿಸಿದ್ದರು. ಪಕ್ಕದಲ್ಲಿ ಪಿಸ್ತೂಲು ಹಾರಿಸಿದರೂ ಅವನು ಬೆಚ್ಚುತ್ತಿರಲಿಲ್ಲ. ಆದರೆ ಇಟಾರರು ಒಂದು ಸಂಗತಿಯನ್ನು ಕಂಡುಕೊಂಡರು. ಅವನ ಬೆನ್ನ ಹಿಂದೆ, ಅವನಿಗೆ ಕಾಣದಂತೆ, ಒಂದು ಅಕ್ರೋಟನ್ನು ಒಡೆದರೆ ಸಾಕು, ಅವನು ತಟ್ಟನೆ ತಿರುಗುತ್ತಿದ್ದನು. ಅವನನ್ನು ಕೂಡಿಹಾಕಿದ್ದ ಕೋಣೆಯ ಬೀಗದ ಸದ್ದೂ ಅವನ ಕಿವಿಗೆ ಬೀಳುತ್ತಿತ್ತು. ಸಿಡಿಲಿನಂತಹ ಸದ್ದು ತಾಗದ ಕಿವಿಗೆ ಕಾಯಿಯ ಸಿಪ್ಪೆ ಬಿರಿಯುವ ಸದ್ದು ಹೇಗೆ ತಾಗಿತು? ಕಿವಿ ಸರಿಯಾಗಿಯೇ ಇತ್ತು. ಹಸಿವಿಗೂ ಬಿಡುಗಡೆಗೂ ಸಂಬಂಧಪಟ್ಟ ಶಬ್ದವನ್ನಷ್ಟೇ ಅವನ ಮನಸ್ಸು ಬರಮಾಡಿಕೊಳ್ಳುತ್ತಿತ್ತು. ಉಳಿದ ಶಬ್ದಗಳು ಅವನ ಪಾಲಿಗೆ ಅರ್ಥವಿಲ್ಲದವು. ಅರ್ಥವಿಲ್ಲದ್ದು ಇಲ್ಲದ್ದಕ್ಕೆ ಸಮಾನ. ಕೇಳುವುದು ಬೇರೆ, ಕಿವಿಗೊಡುವುದು ಬೇರೆ ಎಂಬ ಈ ವಿವೇಚನೆಯು ಸಣ್ಣದಾಗಿ ತೋರಿದರೂ ಶ್ರವಣಪರೀಕ್ಷೆಯ ಇತಿಹಾಸದಲ್ಲಿ ಅದು ದೊಡ್ಡ ಹೆಜ್ಜೆ. ಪ್ರತಿಕ್ರಿಯೆ ಇಲ್ಲದಿರುವುದೊಂದೇ ಕಿವುಡಿಗೆ ಸಾಕ್ಷಿಯಲ್ಲವೆಂಬುದು ಅಂದು ಸಿದ್ಧವಾಯಿತು.

ಬಾಲಕನು ಓ ಎಂಬ ಸ್ವರವನ್ನು ಕೇಳಿದಾಗಲೆಲ್ಲ ತಲೆ ತಿರುಗಿಸುವುದನ್ನು ಕಂಡು, ಆ ಸ್ವರವುಳ್ಳ ವಿಕ್ಟರ್ ಎಂಬ ಹೆಸರನ್ನು ಇಟಾರರು ಅವನಿಗೆ ಇಟ್ಟರು. ಬಳಿಕ ಜಡವಾಗಿದ್ದ ಇಂದ್ರಿಯಗಳನ್ನು ಒಂದೊಂದಾಗಿ ಎಚ್ಚರಿಸಲು ತೊಡಗಿದರು. ಕೆಂಡವನ್ನು ಬರಿಗೈಯಲ್ಲಿ ಎತ್ತಿಕೊಳ್ಳುತ್ತಿದ್ದ, ಕುದಿಯುವ ನೀರಿನಿಂದ ಆಲೂಗಡ್ಡೆಯನ್ನು ತೆಗೆಯುತ್ತಿದ್ದ ಹುಡುಗನಿಗೆ ದಿನವೂ ಗಂಟೆಗಟ್ಟಲೆ ಬಿಸಿನೀರಿನ ಸ್ನಾನವಾಯಿತು. ಕೆಲವು ತಿಂಗಳಲ್ಲಿ ಅವನು ಚಳಿಯನ್ನು ಅರಿತನು. ನೀರಿಗೆ ಇಳಿಯುವ ಮೊದಲು ಬೆರಳು ಅದ್ದಿ ನೋಡುವುದನ್ನೂ ಬಿಸಿ ಸಾಲದಿದ್ದರೆ ಸ್ನಾನವನ್ನೇ ಒಲ್ಲೆನೆನ್ನುವುದನ್ನೂ ಕಲಿತನು.

ಕಿವಿಯ ಶಿಕ್ಷಣಕ್ಕಾಗಿ ಇಟಾರರು ಅವನ ಕಣ್ಣಿಗೆ ಬಟ್ಟೆ ಕಟ್ಟಿ ಗಂಟೆಯ ಸದ್ದನ್ನೂ ತಮಟೆಯ ಸದ್ದನ್ನೂ ಬೇರೆ ಬೇರೆಯಾಗಿ ಗುರುತಿಸುವುದನ್ನು ಕಲಿಸಿದರು. ಅದಾದ ಮೇಲೆ ಇನ್ನೂ ಸೂಕ್ಷ್ಮವಾದ ಸದ್ದುಗಳು, ಕಟ್ಟಕಡೆಗೆ ಮನುಷ್ಯನ ಕಂಠದ ಸ್ವರಗಳು. ಒಂದೊಂದು ಸ್ವರಕ್ಕೆ ಒಂದೊಂದು ಬೆರಳನ್ನು ಎತ್ತುವುದು ಪಾಠದ ಕ್ರಮ. ಈ ಆಟ ವಿಕ್ಟರನಿಗೆ ಎಷ್ಟು ಹಿಡಿಸಿತೆಂದರೆ, ಕಣ್ಣು ಕಟ್ಟಿದೊಡನೆ ಅವನು ನಕ್ಕು ನಕ್ಕು ಎಲ್ಲ ಬೆರಳುಗಳನ್ನೂ ಒಟ್ಟಿಗೆ ಎತ್ತಿಬಿಡುತ್ತಿದ್ದನು. ಶಿಸ್ತನ್ನು ತರಲೆಂದು ಇಟಾರರು ತಪ್ಪಿದ ಬೆರಳಿಗೆ ಮೆಲ್ಲಗೆ ಕೋಲು ತಾಗಿಸಿದರು. ನಗು ನಿಂತಿತು, ಅದರೊಡನೆ ಕಲಿಕೆಯೂ ನಿಂತಿತು. ಹುಡುಗನು ಹೆದರಿ ಮುದುಡಿಕೊಂಡನು. ಮುಂದೆ ಎಷ್ಟು ಪ್ರಯತ್ನಿಸಿದರೂ ಆ ಪಾಠ ಮತ್ತೆ ಸರಿಯಾಗಿ ನಡೆಯಲಿಲ್ಲ. ಇಟಾರರು ತಮ್ಮ ಪಶ್ಚಾತ್ತಾಪವನ್ನು ಮರೆಮಾಚದೆ ವರದಿಯಲ್ಲಿ ಬರೆದರು. ಇನ್ನೊಮ್ಮೆ ಪಾಠಕ್ಕೆ ಒಲ್ಲದೆ ಹುಡುಗನು ರೋಷದಿಂದ ಹೊರಳಾಡಿದಾಗ, ಅವನನ್ನು ಹಿಡಿದೆತ್ತಿ ಮೇಲಂತಸ್ತಿನ ಕಿಟಕಿಯ ಹೊರಗೆ ತೋರಿ ಬೆದರಿಸಿದರು. ನಡುಗುತ್ತ ಬಂದ ಹುಡುಗನು ಚೆಲ್ಲಿದ ಹಲಗೆಗಳನ್ನು ಆರಿಸಿಟ್ಟು, ಹಾಸಿಗೆಯ ಮೇಲೆ ಬಿದ್ದು, ಮೊತ್ತಮೊದಲ ಬಾರಿಗೆ ಕಣ್ಣೀರು ಸುರಿಸಿದನು. ಅವರ ವರದಿಗಳು ಇಂದಿಗೂ ಓದುವವರ ಮನಸ್ಸನ್ನು ಕಲಕುವುದು ಇಂತಹ ಪುಟಗಳಿಂದಲೇ.

ಓದಿನಲ್ಲಿ ಹೆಚ್ಚಿನ ಪ್ರಗತಿಯಾಯಿತು. ವಸ್ತುಗಳನ್ನು ಅವುಗಳ ಚಿತ್ರದೊಡನೆ ಹೊಂದಿಸುವುದು, ಬಣ್ಣ ಮತ್ತು ಆಕಾರಗಳನ್ನು ಬೇರ್ಪಡಿಸುವುದು, ಕತ್ತರಿಸಿದ ಅಕ್ಷರಗಳನ್ನು ಮುಟ್ಟಿ ನೋಡಿ ಜೋಡಿಸುವುದು ಹೀಗೆ ಮೆಟ್ಟಿಲು ಮೆಟ್ಟಿಲಾಗಿ ಪಾಠವನ್ನು ಅವರು ರೂಪಿಸಿದರು. ಒಮ್ಮೆ ನೆರೆಯ ಮನೆಗೆ ಹೋಗುವಾಗ ವಿಕ್ಟರನು ತಾನಾಗಿಯೇ ನಾಲ್ಕು ಅಕ್ಷರಗಳನ್ನು ಜೇಬಿನಲ್ಲಿಟ್ಟುಕೊಂಡು ಹೋಗಿ, ಅಲ್ಲಿಯ ಮೇಜಿನ ಮೇಲೆ ಹಾಲು ಎಂಬರ್ಥದ ಪದವನ್ನು ಜೋಡಿಸಿ ತೋರಿಸಿದನು. ಯಾರೂ ಹೇಳದೆ ಅವನು ಮಾಡಿದ ಈ ಕೆಲಸ ಗುರುವಿಗೆ ಅಪಾರ ಸಂತೋಷವನ್ನು ತಂದಿತು.

ಎಲ್ಲೆ ಮತ್ತು ಆರೈಕೆ

ಇಟಾರರು ತಮ್ಮ ಮೊದಲ ವರದಿಯನ್ನು 1801ರಲ್ಲಿಯೂ ಎರಡನೆಯದನ್ನು 1806ರಲ್ಲಿಯೂ ಬರೆದರು. ಮೊದಲನೆಯದರಲ್ಲಿ ಆಶೆಯ ಬೆಳಕಿದೆ; ಎರಡನೆಯದರಲ್ಲಿ ಸತ್ಯದ ಭಾರವಿದೆ. ವಿಕ್ಟರನು ಬರೆದ ಪದಗಳನ್ನು ತಿಳಿಯಬಲ್ಲವನಾಗಿದ್ದನು, ಸಣ್ಣಪುಟ್ಟ ಕೆಲಸಗಳನ್ನು ಮಾಡಬಲ್ಲವನಾಗಿದ್ದನು, ಮೆಚ್ಚಿದವರನ್ನು ಪ್ರೀತಿಸುತ್ತಿದ್ದನು. ಆದರೆ ಮಾತು ಬರಲಿಲ್ಲ. ಇಟಾರರು ಗುರಿಯಾಗಿಟ್ಟುಕೊಂಡಿದ್ದ ಪೂರ್ಣ ಯಶಸ್ಸು ದೊರೆಯಲಿಲ್ಲ. ಅದನ್ನು ಅವರು ಮುಚ್ಚಿಡದೆ ಸರ್ಕಾರಕ್ಕೆ ಒಪ್ಪಿಸಿದರು. ಕಿವುಡ ಮಕ್ಕಳೆಲ್ಲರೂ ಕೈಸನ್ನೆಯ ಭಾಷೆಯಲ್ಲಿ ಮಾತನಾಡುತ್ತಿದ್ದ ಅದೇ ಆವರಣದಲ್ಲಿದ್ದೂ ವಿಕ್ಟರನಿಗೆ ಆ ಭಾಷೆಯನ್ನು ಅವರು ಕಲಿಸಲಿಲ್ಲವೆಂಬುದು ಮುಂದಿನ ವಿದ್ವಾಂಸರು ಎತ್ತಿರುವ ನ್ಯಾಯವಾದ ಆಕ್ಷೇಪಣೆ. ವಿಕ್ಟರನ ವರ್ತನೆಯಲ್ಲಿ ಇಂದು ಆಟಿಸಂ ಎಂದು ಕರೆಯುವ ಸ್ಥಿತಿಯ ಚಿಹ್ನೆಗಳನ್ನು ಕಾಣುವ ತಜ್ಞರೂ ಇದ್ದಾರೆ.

ಈ ಕಥೆಯಲ್ಲಿ ಮದಾಮ್ ಗೆರೆನರ ಪಾತ್ರವು ಕಡಮೆಯದಲ್ಲ. ಪಾಠದ ಗಂಟೆಗಳ ಹೊರಗೆ ಹುಡುಗನನ್ನು ಉಣಿಸಿ, ಉಡಿಸಿ, ತೋಟದಲ್ಲಿ ಅಡ್ಡಾಡಿಸಿ, ರೇಗಿದಾಗ ಸಮಾಧಾನಪಡಿಸಿದವರು ಆಕೆ. ಆಕೆಯ ಪತಿ ತೀರಿಕೊಂಡ ದಿನ ವಿಕ್ಟರನು ಎಂದಿನಂತೆ ಊಟದ ಮೇಜಿನ ಮೇಲೆ ಆತನ ತಟ್ಟೆಯನ್ನೂ ಇಟ್ಟನು. ಅದನ್ನು ಕಂಡು ಆಕೆ ಅತ್ತಳು. ತನ್ನಿಂದಲೇ ಆಕೆಗೆ ನೋವಾಯಿತೆಂದು ತಿಳಿದು ಅವನು ತಟ್ಟೆಯನ್ನು ಮೆಲ್ಲನೆ ಎತ್ತಿ ಕಪಾಟಿನಲ್ಲಿಟ್ಟನು. ಮತ್ತೆಂದೂ ಅದನ್ನು ಹೊರಗೆ ತೆಗೆಯಲಿಲ್ಲ. ಜಡಮತಿಯೆಂದು ವಿದ್ವಾಂಸರು ನಿರ್ಣಯಿಸಿದ್ದ ಹುಡುಗನಲ್ಲಿ ಪರರ ದುಃಖವನ್ನು ಅರಿಯುವ ಹೃದಯವಿತ್ತೆಂಬುದಕ್ಕೆ ಇದಕ್ಕಿಂತ ಬೇರೆ ಪ್ರಮಾಣ ಬೇಕಿಲ್ಲ. ವಿಕ್ಟರನು ಕೊನೆಯವರೆಗೂ ಆಕೆಯ ಆಶ್ರಯದಲ್ಲಿಯೇ ಬಾಳಿದನು. 1828ರಲ್ಲಿ, ಸುಮಾರು ನಲವತ್ತರ ವಯಸ್ಸಿನಲ್ಲಿ, ವಿದ್ಯಾಲಯದ ಸಮೀಪದ ಮನೆಯಲ್ಲಿ ತೀರಿಕೊಂಡನು.

ಶ್ರವಣದ ಅಳತೆ

ವಿಕ್ಟರನ ಪಾಠದಿಂದ ದೊರೆತ ಅನುಭವವನ್ನು ಇಟಾರರು ವಿದ್ಯಾಲಯದ ಇತರ ಮಕ್ಕಳ ಕಡೆಗೆ ತಿರುಗಿಸಿದರು. ಕಿವುಡರೆಂದು ಸೇರಿಸಲ್ಪಟ್ಟ ಮಕ್ಕಳೆಲ್ಲರೂ ನಿಜವಾಗಿ ಒಂದೇ ಬಗೆಯ ಕಿವುಡರೇ? ಬಗೆಬಗೆಯ ಸದ್ದುಗಳಿಂದ ಪರೀಕ್ಷಿಸಿದಾಗ ಹಾಗಲ್ಲವೆಂಬುದು ಸ್ಪಷ್ಟವಾಯಿತು. ಕೆಲವರು ಹತ್ತಿರದಲ್ಲಿ ನಿಧಾನವಾಗಿ ಆಡಿದ ಮಾತನ್ನು ಕೇಳಬಲ್ಲರು. ಕೆಲವರಿಗೆ ಧ್ವನಿ ಮಾತ್ರ ಕೇಳಿಸುತ್ತದೆ, ಅಕ್ಷರಗಳ ಭೇದ ತಿಳಿಯದು. ಕೆಲವರಿಗೆ ಗುಡುಗಿನಂತಹ ದೊಡ್ಡ ಸದ್ದಷ್ಟೇ ತಾಗುತ್ತದೆ. ಕೆಲವರಿಗೆ ಏನೂ ಇಲ್ಲ. ಹೀಗೆ ಕಿವುಡನ್ನು ಅವರು ಐದು ವರ್ಗಗಳಾಗಿ ವಿಂಗಡಿಸಿದರು. ಉಳಿದಿರುವ ಅಲ್ಪ ಶ್ರವಣಶಕ್ತಿಯನ್ನು ಅಭ್ಯಾಸದಿಂದ ಉಪಯೋಗಕ್ಕೆ ತರಬಹುದೆಂದು ತೋರಿಸಲು ಕೆಲವು ಮಕ್ಕಳನ್ನು ಆರಿಸಿ, ಗಂಟೆಯ ನಾದವನ್ನು ದಿನದಿನಕ್ಕೆ ಮೆಲ್ಲಗೆ ಮಾಡುತ್ತ ಕೇಳಿಸಿ, ಕಿವಿಯನ್ನು ಪಳಗಿಸಿದರು.

ಶ್ರವಣವನ್ನು ಅಳೆಯಲು ಅವರು ಒಂದು ಯಂತ್ರವನ್ನೂ ರಚಿಸಿದರು. ತೂಗುಹಾಕಿದ ತಾಮ್ರದ ಬಳೆಗೆ ಲೋಲಕದ ಲೋಹದ ಗುಂಡು ಬಂದು ಬಡಿಯುವಂತೆ ಅದರ ರಚನೆ. ಗುಂಡನ್ನು ಎಷ್ಟು ದೂರಕ್ಕೆ ಎಳೆದು ಬಿಡಲಾಯಿತೆಂಬುದನ್ನು ಅಂಶಗಳಿಂದ ಗುರುತಿಸಿದ ಫಲಕವು ತೋರಿಸುತ್ತಿತ್ತು. ಆದುದರಿಂದ ಸದ್ದಿನ ಬಲವನ್ನು ಬೇಕಾದಂತೆ ಹೆಚ್ಚುಕಡಮೆ ಮಾಡಿ, ಯಾವ ಹಂತದಲ್ಲಿ ಮಗುವಿಗೆ ಕೇಳಿಸಿತೆಂದು ಬರೆದಿಡಬಹುದಾಗಿತ್ತು. ಇಂದಿನ ಶ್ರವಣಮಾಪಕ ಯಂತ್ರಗಳಿಗೆ ಇದೊಂದು ಪೂರ್ವರೂಪ. 1821ರಲ್ಲಿ ಎರಡು ಸಂಪುಟಗಳಲ್ಲಿ ಪ್ರಕಟವಾದ, ಕಿವಿಯ ಮತ್ತು ಶ್ರವಣದ ರೋಗಗಳನ್ನು ಕುರಿತ ಅವರ ಗ್ರಂಥವು ಆ ಶಾಖೆಗೆ ಸ್ವತಂತ್ರ ಸ್ಥಾನವನ್ನು ದೊರಕಿಸಿಕೊಟ್ಟಿತು. ಅದೇ ಕಾಲದಲ್ಲಿ ವೈದ್ಯಕೀಯ ಅಕಾಡೆಮಿಯ ಸದಸ್ಯತ್ವದ ಗೌರವವೂ ಅವರಿಗೆ ಸಂದಿತು. 1825ರಲ್ಲಿ, ತನ್ನ ಇಚ್ಛೆಗೆ ವಿರುದ್ಧವಾಗಿ ಅಂಗಾಂಗಗಳು ಅದುರುವ, ಮಾತುಗಳು ಸಿಡಿಯುವ ರೋಗಿಯೊಬ್ಬರ ಸ್ಥಿತಿಯನ್ನು ಅವರು ವರ್ಣಿಸಿದರು. ಅದು ಮುಂದೆ ಟುರೆಟ್ ಲಕ್ಷಣಕೂಟವೆಂದು ಹೆಸರಾದ ರೋಗದ ಮೊದಲ ವರ್ಣನೆಗಳಲ್ಲಿ ಒಂದೆನಿಸಿದೆ.

ಆದರೆ ಈ ಕೀರ್ತಿಯ ಮಗ್ಗುಲಲ್ಲಿಯೇ ಒಂದು ನೆರಳೂ ಇದೆ. ಅದನ್ನು ಹೇಳದೆ ಬಿಟ್ಟರೆ ಚರಿತ್ರೆ ಪೂರ್ಣವಾಗದು. ಕಿವುಡನ್ನು ಗುಣಪಡಿಸಿಯೇ ತೀರಬೇಕೆಂಬ ಹಟದಿಂದ ಇಟಾರರು ಅನೇಕ ವರ್ಷ ಮಕ್ಕಳ ಮೇಲೆ ಕಠಿಣ ಪ್ರಯೋಗಗಳನ್ನು ನಡೆಸಿದರು. ಜಿಗಣೆ ಹಚ್ಚಿದರು, ವಿದ್ಯುತ್ತನ್ನು ಹರಿಯಿಸಿದರು, ಕಿವಿಯ ಹಿಂದೆ ಸುಟ್ಟು ಬೊಬ್ಬೆ ಎಬ್ಬಿಸಿದರು, ಕಿವಿಯ ತಮಟೆಯನ್ನು ಚುಚ್ಚಿದರು, ಮೂಗಿನ ಮೂಲಕ ನಳಿಕೆಯನ್ನು ತೂರಿಸಿದರು. ಮಕ್ಕಳು ನೋವನ್ನು ಉಂಡರು. ಫಲ ಮಾತ್ರ ಇಲ್ಲವೆನ್ನುವಷ್ಟು ಅಲ್ಪವಾಗಿತ್ತು. ಹುಟ್ಟುಕಿವುಡಿಗೆ ವೈದ್ಯದಲ್ಲಿ ಮದ್ದಿಲ್ಲವೆಂಬ ನಿರ್ಣಯಕ್ಕೆ ಕಡೆಗೆ ಅವರೇ ಬಂದರು. ಕೈಸನ್ನೆಯ ಭಾಷೆಯ ವಿಷಯದಲ್ಲಿಯೂ ಅವರ ಮನಸ್ಸು ಮಾರ್ಪಟ್ಟಿತು. ಮೊದಲು ಅದನ್ನು ಮಾತಿನ ಕಲಿಕೆಗೆ ಅಡ್ಡಿಯೆಂದು ಬಗೆದಿದ್ದವರು, ಕಿವುಡ ಅಧ್ಯಾಪಕರನ್ನೂ ವಿದ್ಯಾರ್ಥಿಗಳನ್ನೂ ದೀರ್ಘಕಾಲ ಹತ್ತಿರದಿಂದ ಕಂಡ ಮೇಲೆ, ಅದು ಕಿವುಡರ ಸಹಜ ಭಾಷೆಯೆಂದೂ ಅವರ ಶಿಕ್ಷಣಕ್ಕೆ ಅವಶ್ಯವೆಂದೂ ಒಪ್ಪಿದರು. ಕಿವಿಯನ್ನು ಬದಲಾಯಿಸಲು ಹೊರಟ ವೈದ್ಯರು ಕಟ್ಟಕಡೆಗೆ ತಮ್ಮ ಅಭಿಪ್ರಾಯವನ್ನು ಬದಲಾಯಿಸಿಕೊಂಡರು.

ಮೌನದ ಎರಡು ಮೂಲಗಳು

1828ರಲ್ಲಿ ಇಟಾರರು ಪ್ರಕಟಿಸಿದ ಇನ್ನೊಂದು ಪ್ರಬಂಧವು ಗಾತ್ರದಲ್ಲಿ ಚಿಕ್ಕದು, ಮಹತ್ವದಲ್ಲಿ ದೊಡ್ಡದು. ಬುದ್ಧಿಶಕ್ತಿಗಳ ಕುಂದಿನಿಂದ ಉಂಟಾಗುವ ಮೂಕತನವೇ ಅದರ ವಿಷಯ. ಕಿವುಡರ ವಿದ್ಯಾಲಯಕ್ಕೆ ಕರೆತಂದ ಮಕ್ಕಳಲ್ಲಿ ಕೆಲವರು ಕಿವುಡರೇ ಅಲ್ಲವೆಂಬುದನ್ನು ಅವರು ವರ್ಷವರ್ಷವೂ ಕಂಡಿದ್ದರು. ಅವರಿಗೆ ಕಿವಿ ಕೇಳಿಸುತ್ತಿತ್ತು. ಮಾತು ಮಾತ್ರ ಬಂದಿರಲಿಲ್ಲ. ಕಿವುಡ ಮಗುವು ಮಾತಿಲ್ಲದಿದ್ದರೂ ಕಣ್ಣಿನಿಂದ ಎಲ್ಲವನ್ನೂ ಹಿಡಿಯುತ್ತದೆ, ಅನುಕರಿಸುತ್ತದೆ, ಸನ್ನೆಯಿಂದ ತನ್ನ ಬೇಕುಬೇಡಗಳನ್ನು ತಿಳಿಸುತ್ತದೆ. ಇನ್ನೊಂದು ಮಗುವಿನಲ್ಲಿ ಅವಧಾನವೇ ನಿಲ್ಲದು, ಅನುಕರಣೆಯೇ ಮೂಡದು. ಈ ಎರಡನ್ನೂ ಬೇರ್ಪಡಿಸಿ ನೋಡಬೇಕು. ಬೇರ್ಪಡಿಸಿದ ಮೇಲೆ ಒಬ್ಬೊಬ್ಬರಿಗೂ ತಕ್ಕ ಶಿಕ್ಷಣವನ್ನು ಯೋಜಿಸಬೇಕು. ಪರೀಕ್ಷೆಯು ಮಕ್ಕಳನ್ನು ಹೊರಗಿಡುವ ಸಾಧನವಾಗದೆ, ಅವರನ್ನು ಸರಿಯಾದ ಬಾಗಿಲಿಗೆ ಕರೆದೊಯ್ಯುವ ಸಾಧನವಾಗಬೇಕೆಂಬುದೇ ಈ ಶ್ರಮದ ಸಾರ.

ಕೊನೆಯ ದಿನಗಳು ಮತ್ತು ಪರಂಪರೆ

ಇಳಿವಯಸ್ಸಿನಲ್ಲಿ ಇಟಾರರನ್ನು ಕಠಿಣ ವ್ಯಾಧಿಯೊಂದು ಕಾಡಿತು. ಆ ನೋವಿನಲ್ಲಿಯೂ 1837ರಲ್ಲಿ ಎದ್ವಾರ್ ಸೆಗಾನ್ ಎಂಬ ಇಪ್ಪತ್ತೈದು ವರ್ಷದ ತರುಣನನ್ನು ಶಿಷ್ಯನನ್ನಾಗಿ ಸ್ವೀಕರಿಸಿ, ಬೌದ್ಧಿಕ ನ್ಯೂನತೆಯುಳ್ಳ ಬಾಲಕನೊಬ್ಬನ ಶಿಕ್ಷಣವನ್ನು ಅವನಿಗೆ ಒಪ್ಪಿಸಿ ಮಾರ್ಗದರ್ಶನ ಮಾಡಿದರು. 1838ರ ಜುಲೈ 5ರಂದು ಪ್ಯಾರಿಸಿನ ಹೊರವಲಯದ ಪಾಸಿಯಲ್ಲಿ ತಮ್ಮ ಅರುವತ್ತನಾಲ್ಕನೆಯ ವಯಸ್ಸಿನಲ್ಲಿ ಅವರು ಕಾಲವಶರಾದರು. ವೃತ್ತಿಯಿಂದ ಗಳಿಸಿದ ಸಂಪತ್ತಿನಲ್ಲಿ ಒಂದು ಭಾಗವನ್ನು ಕಿವುಡ ಮಕ್ಕಳ ವಿದ್ಯಾಲಯಕ್ಕೆ ಬರೆದಿಟ್ಟು, ಸಾಮಾನ್ಯ ಪಾಠಕ್ರಮವನ್ನು ಮುಗಿಸಿದ ಮಕ್ಕಳಿಗಾಗಿ ಮೇಲ್ತರಗತಿಯೊಂದು ನಡೆಯುವಂತೆ ಏರ್ಪಡಿಸಿದ್ದರು. ವೈದ್ಯಕೀಯ ಅಕಾಡೆಮಿಯು ಮೂರು ವರ್ಷಗಳಿಗೊಮ್ಮೆ ಕೊಡತಕ್ಕ ಬಹುಮಾನಕ್ಕೂ ದತ್ತಿಯನ್ನು ಬಿಟ್ಟಿದ್ದರು. ತಾವು ದುಡಿದ ಸಂಸ್ಥೆಗೇ ತಮ್ಮ ಗಳಿಕೆಯು ಮರಳಬೇಕೆಂಬುದು ಅವರ ಸಂಕಲ್ಪವಾಗಿತ್ತು.

ಶಿಷ್ಯನಾದ ಸೆಗಾನರು ಗುರುವನ್ನು ಮೀರಿಸಿ ಬೆಳೆದರು. ಬೌದ್ಧಿಕ ನ್ಯೂನತೆಯುಳ್ಳ ಮಕ್ಕಳಿಗಾಗಿ ಶಾಲೆಯನ್ನು ನಡೆಸಿ, 1846ರಲ್ಲಿ ಅವರ ಶಿಕ್ಷಣವನ್ನು ಕುರಿತು ದೊಡ್ಡ ಗ್ರಂಥವನ್ನು ಬರೆದರು. ಬಳಿಕ ಅಮೆರಿಕೆಗೆ ಹೋಗಿ, ಅಲ್ಲಿ ಇಂತಹ ಶಾಲೆಗಳು ತಲೆಯೆತ್ತಲು ನೆರವಾದರು. ಶತಮಾನದ ಕೊನೆಯಲ್ಲಿ ಇಟಲಿಯ ತರುಣ ವೈದ್ಯೆ ಮಾರಿಯಾ ಮಾಂಟೆಸ್ಸೊರಿಯವರು ಇಟಾರ್ ಮತ್ತು ಸೆಗಾನರ ಬರಹಗಳನ್ನು ತಮ್ಮ ಕೈಯಾರೆ ಇಟಾಲಿಯನ್ ಭಾಷೆಯಲ್ಲಿ ಬರೆದುಕೊಂಡು ಅಭ್ಯಾಸ ಮಾಡಿದರು. ಮೊದಲು ಬೌದ್ಧಿಕ ನ್ಯೂನತೆಯುಳ್ಳ ಮಕ್ಕಳಿಗೆ, 1907ರಿಂದ ರೋಮಿನ ಬಡಮಕ್ಕಳ ಶಿಶುವಿಹಾರದಲ್ಲಿ, ಅವರು ಆ ಕ್ರಮವನ್ನು ಬಳಸಿದರು. 1939ರಲ್ಲಿ ಮದರಾಸಿನ ಅಡ್ಯಾರಿಗೆ ಬಂದ ಅವರು 1946ರವರೆಗೆ ಭಾರತದಲ್ಲಿದ್ದು ನೂರಾರು ಅಧ್ಯಾಪಕರಿಗೆ ತರಬೇತಿ ಕೊಟ್ಟರು. ನಮ್ಮ ಊರುಗಳ ಶಿಶುವಿಹಾರಗಳಲ್ಲಿ ಮಕ್ಕಳು ಬೆರಳಿನಿಂದ ತಡವಿ ಕಲಿಯುವ ಅಕ್ಷರಫಲಕಗಳ ವಂಶವೃಕ್ಷವನ್ನು ಹುಡುಕುತ್ತ ಹೋದರೆ, ವಿಕ್ಟರನು ಜೇಬಿನಲ್ಲಿಟ್ಟುಕೊಂಡು ಹೋದ ಆ ನಾಲ್ಕು ಅಕ್ಷರಗಳಿಗೆ ಬಂದು ಮುಟ್ಟುತ್ತೇವೆ. 1970ರಲ್ಲಿ ಫ್ರಾನ್ಸಿನ ಪ್ರಸಿದ್ಧ ನಿರ್ದೇಶಕ ತ್ರುಫೋ ಅವರು ವಿಕ್ಟರನ ಕಥೆಯನ್ನು ಚಲನಚಿತ್ರವಾಗಿಸಿ, ಇಟಾರರ ಪಾತ್ರವನ್ನು ತಾವೇ ವಹಿಸಿದರು.

ಶ್ರವಣಪರೀಕ್ಷೆಯ ಶಾಸ್ತ್ರವೂ ಇಟಾರರ ತಾಮ್ರದ ಬಳೆಯಿಂದ ಬಹುದೂರ ಸಾಗಿದೆ. ಕೇಳಿಸಿತೆಂದು ಕೈಯೆತ್ತಿ ಹೇಳಲಾರದ ಮಗುವಿನ ಶ್ರವಣವನ್ನೂ ಇಂದು ಅರಿಯಬಹುದು. ಸದ್ದಿಗೆ ಮಿದುಳಿನ ಕಾಂಡದಲ್ಲಿ ಏಳುವ ವಿದ್ಯುತ್ ಸ್ಪಂದನವನ್ನು ದಾಖಲಿಸುವ ವಿಧಾನವು 1970ರ ದಶಕದಲ್ಲಿ ಬಳಕೆಗೆ ಬಂದಿತು. ಒಳಗಿವಿಯೇ ಹೊರಡಿಸುವ ಅತಿ ಸೂಕ್ಷ್ಮ ಪ್ರತಿಧ್ವನಿಯನ್ನು 1978ರಲ್ಲಿ ಇಂಗ್ಲೆಂಡಿನ ಡೇವಿಡ್ ಕೆಂಪ್ ಅವರು ವರದಿ ಮಾಡಿದರು. ಈ ಎರಡು ಪರೀಕ್ಷೆಗಳಿಗೂ ಮಗುವಿನ ಉತ್ತರ ಬೇಕಿಲ್ಲ. ಅದು ನಿದ್ರಿಸುತ್ತಿದ್ದರೂ ಸಾಕು. ಬೌದ್ಧಿಕ ನ್ಯೂನತೆಯುಳ್ಳವರಲ್ಲಿ ಶ್ರವಣದೋಷವು ಇತರರಿಗಿಂತ ಹೆಚ್ಚಾಗಿ ಕಂಡುಬರುತ್ತದೆಂಬುದು ಈಗ ಸಿದ್ಧವಾದ ಸಂಗತಿ. ವಿಶೇಷವಾಗಿ ಡೌನ್ ಲಕ್ಷಣಕೂಟದ ಮಕ್ಕಳಲ್ಲಿ ಕಿವಿಯ ನಾಳವು ಕಿರಿದಾಗಿದ್ದು ಗುಗ್ಗೆ ಕಟ್ಟಿಕೊಳ್ಳುತ್ತದೆ, ನಡುಗಿವಿಯಲ್ಲಿ ನೀರು ನಿಲ್ಲುತ್ತದೆ. ಅವರು ತಮ್ಮ ತೊಂದರೆಯನ್ನು ಹೇಳಿಕೊಳ್ಳಲಾರರು. ಹೇಳಿದ ಮಾತು ಕೇಳದಿದ್ದಾಗ ನೋಡುವವರು ಅದನ್ನು ಅವರ ಮತಿಯ ಲೆಕ್ಕಕ್ಕೆ ಬರೆದು ಸುಮ್ಮನಾಗುತ್ತಾರೆ. ಗುಗ್ಗೆಯನ್ನು ತೆಗೆಸಿದರೆ, ನೀರಿಗೆ ಚಿಕಿತ್ಸೆ ಮಾಡಿಸಿದರೆ, ಬೇಕಾದವರಿಗೆ ಶ್ರವಣಯಂತ್ರವನ್ನು ಕೊಡಿಸಿ ಅದರ ಬಳಕೆಗೆ ತಾಳ್ಮೆಯಿಂದ ಒಗ್ಗಿಸಿದರೆ, ಎಷ್ಟೋ ಮಕ್ಕಳು ಹೆಚ್ಚು ಚೆನ್ನಾಗಿ ಕಲಿಯಬಲ್ಲರು. ಈ ಪರೀಕ್ಷೆಯು ಒಮ್ಮೆ ಮಾಡಿ ಮುಗಿಸುವಂಥದಲ್ಲ. ವಯಸ್ಸಿನೊಡನೆ ಕಿವಿ ಬದಲಾಗುವುದರಿಂದ ಮತ್ತೆ ಮತ್ತೆ ನಡೆಯಬೇಕು.

ಕನ್ನಡ ನಾಡಿಗೆ ಈ ವಿಷಯದಲ್ಲಿ ಒಂದು ಭಾಗ್ಯವಿದೆ. ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯು 1965ರಲ್ಲಿ ಮೈಸೂರಿನಲ್ಲಿಯೇ ಸ್ಥಾಪಿತವಾಯಿತು. ಮಾನಸಗಂಗೋತ್ರಿಯಲ್ಲಿರುವ ಆ ಸಂಸ್ಥೆಯು ಶ್ರವಣಪರೀಕ್ಷೆ, ವಾಕ್ ಚಿಕಿತ್ಸೆ ಮತ್ತು ತಜ್ಞರ ಶಿಕ್ಷಣ ಇವೆಲ್ಲವನ್ನೂ ನಡೆಸುತ್ತಿದೆ. 2016ರ ಅಂಗವಿಕಲರ ಹಕ್ಕುಗಳ ಕಾಯಿದೆಯು ಶ್ರವಣದೋಷವನ್ನೂ ಬೌದ್ಧಿಕ ನ್ಯೂನತೆಯನ್ನೂ ಬೇರೆ ಬೇರೆಯಾಗಿ ಗುರುತಿಸಿದೆ. ಎರಡೂ ಒಬ್ಬರಲ್ಲಿಯೇ ಇರಬಹುದೆಂಬುದನ್ನೂ ಮಾನ್ಯ ಮಾಡಿದೆ. ಆದರೆ ಕಾಯಿದೆಯೂ ಯಂತ್ರವೂ ಮಗುವಿನ ಬಳಿಗೆ ತಾವಾಗಿ ನಡೆದು ಬರಲಾರವು. ಹಿಂದಿನ ಬೆಂಚಿನಲ್ಲಿ ಕುಳಿತು ಕರೆದಾಗ ತಿರುಗದ ಹುಡುಗನನ್ನು ಮೊದಲು ಕಾಣುವವರು ತರಗತಿಯ ಅಧ್ಯಾಪಕರು. ಅವನ ವಿಷಯದಲ್ಲಿ ನಿರ್ಣಯವನ್ನು ಕೊಡುವ ಮೊದಲು, ಅವನ ಬೆನ್ನ ಹಿಂದೆ ನಿಂತು ಅಕ್ರೋಟನ್ನು ಒಡೆದು ನೋಡುವಷ್ಟು ವ್ಯವಧಾನ ಇಟಾರರಿಗಿತ್ತು. ಆ ವ್ಯವಧಾನವು ಅವರ ಎಲ್ಲ ತಪ್ಪುಗಳನ್ನೂ ಸೋಲುಗಳನ್ನೂ ಮೀರಿ ಉಳಿದಿದೆ.